ಗಂಜಿಯ ಪೊರೆ

2019ರ ಜನವರಿ 1ರಂದು ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಮೇಲೆ ನಿಷೇಧ ಜಾರಿಗೆ ಬಂತು. ಸಾಂಬಾರನ್ನು ಇನ್ನು ಯಾವುದರಲ್ಲಿ ಕಟ್ಟಿಕೊಡುವುದು ಎಂದು ಚೆನ್ನೈನ ಹೋಟೆಲಿನವರು ತಲೆ ಕೆಡಿಸಿಕೊಂಡರು. ಪಿಷ್ಟದಿಂದ ಮಾಡಿದ, ಮಣ್ಣಿನಲ್ಲಿ ಕೊಳೆಯುವ ಚೀಲಗಳ ಮಾತು ಜೋರಾಯಿತು. ಆದರೆ ಪಿಷ್ಟದ ಪೊರೆ ಈ ಊರಿಗೆ ಹೊಸದಲ್ಲ.

1734ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೂವಂ ನದಿಯ ತಿರುವಿನಲ್ಲಿ ನೇಕಾರರಿಗಾಗಿ ಒಂದು ಪೇಟೆ ಕಟ್ಟಿಸಿತು. ಚಿನ್ನ ತರಿ ಪೇಟೆ, ಅಂದರೆ ಚಿಕ್ಕ ಮಗ್ಗಗಳ ಪೇಟೆ. ಅದೇ ಇಂದಿನ ಚಿಂತಾದ್ರಿಪೇಟೆ. ಕೈಮಗ್ಗದ ನೇಕಾರರು ಹಾಸಿನ ನೂಲಿಗೆ ಅಕ್ಕಿ ಗಂಜಿ ಬಳಿದು ಒಣಗಿಸುತ್ತಾರೆ. ನೂಲಿನ ಸುತ್ತ ತೆಳುವಾದ ಪೊರೆ ಕಟ್ಟುತ್ತದೆ, ಮಗ್ಗದ ಉಜ್ಜಾಟಕ್ಕೆ ಎಳೆ ಹರಿಯುವುದಿಲ್ಲ. ಬರೀ ಗಂಜಿ ಒಣಗಿದರೆ ಬಿರಿಯುತ್ತದೆಂದು ಅದಕ್ಕೆ ತುಸು ಎಣ್ಣೆ ಬೆರೆಸುತ್ತಾರೆ.

ಚೀಲ ಮಾಡುವವರ ತೊಂದರೆಯೂ ಇದೇ. ಪಿಷ್ಟವನ್ನು ನೀರಿನಲ್ಲಿ ಕಾಯಿಸಿ ಹರಡಿದರೆ ಹಾಳೆಯಾಗುತ್ತದೆ. ಒಣಗಿದರೆ ಸೀಳುತ್ತದೆ, ನೀರು ತಗುಲಿದರೆ ಮೆತ್ತಗಾಗುತ್ತದೆ. ಮೃದುವಾಗಲು ಎಣ್ಣೆಯ ಬದಲು ಗ್ಲಿಸರಿನ್ ಹಾಕುತ್ತಾರೆ. ಬಲಕ್ಕೆ ಸಸ್ಯದ ಪ್ರೋಟೀನು ಬೆರೆಸಬಹುದು. ಅಕ್ಕಿ ಹಿಟ್ಟು ಎಳೆದರೆ ಬಿರಿಯುತ್ತದೆ, ಗೋಧಿ ಹಿಟ್ಟು ಹಿಗ್ಗುತ್ತದೆ; ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಗುಣ ಅದು. ಸೋಯಾ, ಕಡಲೆಕಾಯಿಯ ಪ್ರೋಟೀನುಗಳನ್ನು ಕಾಯಿಸಿದಾಗ ಅವುಗಳ ಸುರುಳಿ ಬಿಚ್ಚಿ, ನೀರನ್ನು ದೂರವಿಡುವ ಭಾಗಗಳು ಹೊರಬರುತ್ತವೆ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಸಿ ಒತ್ತು ಕೊಟ್ಟರೆ ಹಾಳೆ ಇನ್ನಷ್ಟು ಗಟ್ಟಿ.

ಪಿಷ್ಟಕ್ಕೂ ದೂರ ಹೋಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ಸರಕು ನಿಂತಾಗ ಸೇಲಂ ಸುತ್ತ ಮರಗೆಣಸಿನಿಂದ ಸಾಬುದಾನಿ, ಪಿಷ್ಟ ತೆಗೆಯುವ ಉದ್ಯಮ ಬೇರೂರಿತು. ಆದರೂ ಮಾರುಕಟ್ಟೆಯ ಎಷ್ಟೋ 'ಪಿಷ್ಟದ ಚೀಲ'ಗಳಲ್ಲಿ ಪೆಟ್ರೋಲಿಯಂ ಮೂಲದ ಪಾಲಿಯೆಸ್ಟರ್ ಬೆರೆತಿರುತ್ತದೆ. ಅಂಥವು ಸರಿಯಾಗಿ ಕೊಳೆಯಲು ಬಿಸಿ, ತೇವ, ಗಾಳಿ ಇರುವ ಕಾಂಪೋಸ್ಟ್ ಘಟಕ ಬೇಕು. ಕೊಡುಂಗೈಯೂರು, ಪೆರುಂಗುಡಿಯ ಕಸದ ಗುಡ್ಡಗಳಲ್ಲಿ ಅದು ಸಿಗುವುದಿಲ್ಲ.

ನೇಕಾರನ ಲೆಕ್ಕ ಸರಳವಾಗಿತ್ತು. ನೇಯುವವರೆಗೆ ಪೊರೆ ನಿಲ್ಲಬೇಕು, ಬಟ್ಟೆ ಒಗೆದಾಗ ಹೋಗಬೇಕು. ನಾವು ಕೇಳುತ್ತಿರುವುದು ಕಷ್ಟದ್ದು: ಬಿಸಿ ಸಾಂಬಾರಿಗೆ ಜಗ್ಗಬಾರದು, ಮಣ್ಣಿಗೆ ಬಿದ್ದೊಡನೆ ಕರಗಬೇಕು. ಹೆಣಿಗೆ ಬಿಗಿಯಾದಷ್ಟೂ ಕೊಳೆಯುವುದು ಸಾಮಾನ್ಯವಾಗಿ ನಿಧಾನ. ಎಷ್ಟು ಹೊತ್ತು ಬಾಳಿದರೆ ಸಾಕು ಎಂದು ಮೊದಲೇ ತೀರ್ಮಾನಿಸಿ ಪೊರೆ ಕಟ್ಟುವುದನ್ನು ನಾವು ಆ ನೇಕಾರರಿಂದಲೇ ಕಲಿಯಬೇಕು. ಅಲ್ಲಿಯವರೆಗೆ ಸಾಂಬಾರಿಗೆ ಮನೆಯಿಂದ ಡಬ್ಬಿ ಒಯ್ಯುವುದೇ ಲೇಸು.