ಮಲಪ್ರಭಾ ಸೀಮೆಯ ರಂಜಾನ್ ಆಹಾರ: ಗೋದಿ, ಉತ್ತತ್ತಿ ಮತ್ತು ಹಲಾಲಿನ ಗ್ರಾಮಚರಿತ್ರೆ

ಬೆಳಗಾವಿ ಜಿಲ್ಲೆಯ ಪೂರ್ವ ಹಾಗೂ ದಕ್ಷಿಣ ಭಾಗದಲ್ಲಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪ್ರದೇಶಗಳನ್ನು ಮಲಪ್ರಭಾ ನದಿಯು ಒಂದೇ ಸೀಮೆಯಾಗಿ ಬೆಸೆದಿದೆ. ಈ ಸೀಮೆಯ ಇತಿಹಾಸವೆಂದೊಡನೆ ಸುಗಂಧವರ್ತಿಯ ರಟ್ಟರು, ಕಿತ್ತೂರಿನ ದೇಸಾಯಿಗಳು, 1824ರ ಸಮರ, ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ನಿಧನಳಾದ ರಾಣಿ ಚೆನ್ನಮ್ಮ, ಇವುಗಳೇ ನೆನಪಿಗೆ ಬರುವುದು ಸಹಜ. ಅರಸೊತ್ತಿಗೆಯ ಈ ಇತಿಹಾಸದ ಕೆಳಗೆ ಊರಿನ ಅಡುಗೆಮನೆ, ಸಂತೆ ಹಾಗೂ ಆಯಗಾರಿಕೆಯ ಇನ್ನೊಂದು ಇತಿಹಾಸವೂ ಹರಿದುಬಂದಿದೆ. ರಂಜಾನ್ ತಿಂಗಳ ಊಟ, ಈದ್ ಹಬ್ಬದ ಸುರಕುಂಬಾ ಹಾಗೂ ಹಲಾಲ್ ಎಂಬ ವಿಧಿಯನ್ನು ಆ ದೃಷ್ಟಿಯಿಂದ ಪರಿಶೀಲಿಸಿದರೆ, ಒಂದು ಸಮುದಾಯದ ಧಾರ್ಮಿಕ ಆಚರಣೆಯು ಇಡೀ ಗ್ರಾಮವ್ಯವಸ್ಥೆಯೊಳಗೆ ಹೇಗೆ ನೆಲೆಗೊಂಡಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಹಿನ್ನೆಲೆ

ವಿಜಾಪುರದ ಆದಿಲಶಾಹಿ ಆಳ್ವಿಕೆಯು 1686ರಲ್ಲಿ ಕೊನೆಗೊಳ್ಳುವವರೆಗೆ ಈ ಸೀಮೆಯ ಮೇಲೆ ಅದರ ಪ್ರಭಾವವಿತ್ತು. ಕಿತ್ತೂರು ಸಂಸ್ಥಾನದ ಮೂಲಪುರುಷರಾದ ಮಲ್ಲಶೆಟ್ಟಿ ಸಹೋದರರು ವಿಜಾಪುರದ ಸೇನೆಯೊಡನೆ ಸಂಪಗಾವಿಗೆ ಬಂದು ನೆಲೆಸಿದವರೆಂಬುದು ಮನೆತನದ ಪರಂಪರೆ. ಅನಂತರ ಸವಣೂರಿನ ನವಾಬರು, ಹದಿನೆಂಟನೆಯ ಶತಮಾನದ ನಡುಭಾಗದಿಂದ ಪೇಶ್ವೆಗಳು, 1818ರ ಬಳಿಕ ಇಂಗ್ಲಿಷರು ಇಲ್ಲಿ ಅಧಿಕಾರ ನಡೆಸಿದರು. ರಾಮದುರ್ಗ ಮಾತ್ರ ಭಾವೆ ಮನೆತನದ ಬ್ರಾಹ್ಮಣ ಸಂಸ್ಥಾನವಾಗಿ ಉಳಿದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲದ ಭಾಗವು ಸಂಪಗಾವಿ ತಾಲ್ಲೂಕೆಂದೂ ಸವದತ್ತಿಯ ಭಾಗವು ಪರಸಗಡ ತಾಲ್ಲೂಕೆಂದೂ ಕರೆಯಲ್ಪಡುತ್ತಿದ್ದವು.

ಅರಸರು ಬದಲಾದರೂ ಊರಿನಲ್ಲಿ ನೆಲೆಸಿದ್ದ ಮುಸಲ್ಮಾನ ಕುಟುಂಬಗಳು ತಮ್ಮ ಕಸುಬಿನೊಡನೆ ಉಳಿದವು. ಅತ್ತಾರ, ಪಿಂಜಾರ, ಬಾಗವಾನ, ತಾಂಬೋಳಿ, ಕಸಾಬ, ಮುಲ್ಲಾ ಎಂಬಿವು ಈ ಭಾಗದಲ್ಲಿ ಇಂದಿಗೂ ಮನೆತನದ ಹೆಸರುಗಳಾಗಿರುವುದು ಗಮನಾರ್ಹ. ಇವೆಲ್ಲವೂ ಮೂಲತಃ ಕಸುಬಿನ ಹೆಸರುಗಳು. ಸುಗಂಧದ್ರವ್ಯ, ಹತ್ತಿ, ಹಣ್ಣು ಕಾಯಿಪಲ್ಲೆ, ಎಲೆ ಅಡಿಕೆ, ಮಾಂಸ ಇವುಗಳಿಗಾಗಿ ಊರಿನ ಎಲ್ಲ ಜಾತಿಗಳವರೂ ಈ ಮನೆಗಳನ್ನು ಅವಲಂಬಿಸಿದ್ದರು. ಹಬ್ಬದ ಆಹಾರವನ್ನು ಈ ಕೊಡುಕೊಳುವಿಕೆಯಿಂದ ಬೇರ್ಪಡಿಸಿ ನೋಡಲಾಗದು.

ಗೋದಿ: ದಾನದ ಅಳತೆ, ಹಬ್ಬದ ಧಾನ್ಯ

ಈ ಸೀಮೆಯ ನಿತ್ಯದ ಆಹಾರ ಜೋಳ. ನಸುಕಿನ ಸಹರಿಗೂ ಸಂಜೆಯ ಇಫ್ತಾರಿನ ಬಳಿಕದ ಊಟಕ್ಕೂ ಹಳ್ಳಿಯ ಮುಸಲ್ಮಾನರ ಮನೆಗಳಲ್ಲಿ ರೊಟ್ಟಿಯೇ ಆಧಾರ. ಉಪವಾಸವನ್ನು ಖರ್ಜೂರ ಮತ್ತು ನೀರಿನಿಂದ ಮುರಿಯುವುದು ಪ್ರವಾದಿಯವರ ಕಾಲದಿಂದ ಬಂದ ಸಂಪ್ರದಾಯ. ಅದರ ಜೊತೆಗೆ ತಟ್ಟೆಗೆ ಬರುವ ಭಜಿ, ಚುರುಮುರಿ, ಕಡಲೆ ಉಸುಳಿಗಳು ಇದೇ ನೆಲದವು.

ಗೋದಿಯ ಸ್ಥಾನ ಬೇರೆ. ಎರೆಭೂಮಿಯಲ್ಲಿ ಹಿಂಗಾರಿನ ತೇವವನ್ನು ನಂಬಿ ಬೆಳೆಯುವ ಗೋದಿ ಇಲ್ಲಿ ಬಹುಕಾಲ ಹಬ್ಬದ ಧಾನ್ಯವಾಗಿತ್ತು. ಹೋಳಿಗೆ, ಮಾದಲಿ, ಶಾವಿಗೆ ಇವು ಅದರ ರೂಪಗಳು. ರಂಜಾನ್ ಮುಗಿಯುವಾಗ ಕೊಡಬೇಕಾದ ಫಿತ್ರಾ ದಾನದ ಅಳತೆಯೂ ಗೋದಿಯೊಡನೆ ಸೇರಿಕೊಂಡಿದೆ. ಈ ಭಾಗದ ಮುಸಲ್ಮಾನರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಪ್ರಕಾರ ಮನೆಯ ತಲೆಯೊಂದಕ್ಕೆ ಅರ್ಧ ‘ಸಾ’ ಗೋದಿ, ಅಥವಾ ಒಂದು ಪೂರ್ಣ ‘ಸಾ’ ಖರ್ಜೂರ ಇಲ್ಲವೆ ಜವೆಯನ್ನು ಬಡವರಿಗೆ ಕೊಡಬೇಕು. ಈದ್ ಪ್ರಾರ್ಥನೆಗೆ ಮುನ್ನವೇ ಇದನ್ನು ಸಲ್ಲಿಸುವುದು ಉತ್ತಮವೆಂದು ಹೇಳಲಾಗಿದೆ. ಬಡವನ ಮನೆಯಲ್ಲಿಯೂ ಆ ದಿನ ಒಲೆ ಹೊತ್ತಬೇಕೆಂಬುದೇ ಇದರ ಆಶಯ. ಇಂದು ಫಿತ್ರಾ ಬಹುಮಟ್ಟಿಗೆ ಹಣದ ರೂಪದಲ್ಲಿ ಸಲ್ಲುತ್ತಿದ್ದರೂ, ಪ್ರತಿ ವರ್ಷ ಅದರ ಮೊತ್ತವನ್ನು ಗೊತ್ತುಪಡಿಸುವಾಗ ಗೋದಿಯ ಬೆಲೆಯನ್ನೇ ಆಧಾರವಾಗಿ ಹಿಡಿಯುವ ರೂಢಿಯಿದೆ.

ಈದ್ ದಿನದ ಮುಖ್ಯ ಸಿಹಿಯನ್ನು ಉತ್ತರ ಕರ್ನಾಟಕದಲ್ಲಿ ‘ಸುರಕುಂಬಾ’ ಎನ್ನುತ್ತಾರೆ. ಹಾಲು ಮತ್ತು ಖರ್ಜೂರ ಎಂಬ ಅರ್ಥದ ಪಾರಸಿಯ ‘ಶೀರ್ ಖುರ್ಮಾ’ ಜನರ ನಾಲಗೆಯಲ್ಲಿ ಪಡೆದ ರೂಪವಿದು. ಹಾಲಿನಲ್ಲಿ ಶಾವಿಗೆ, ಸಕ್ಕರೆ, ಉತ್ತತ್ತಿ, ಕೊಬ್ಬರಿ, ಗಸಗಸೆ, ಗೋಡಂಬಿ, ದ್ರಾಕ್ಷಿಗಳನ್ನು ಹಾಕಿ ಕುದಿಸಿ ಇದನ್ನು ಸಿದ್ಧಪಡಿಸುತ್ತಾರೆ. ಈದುಲ್ ಫಿತ್ರ್ ದಿನ ಈದ್ಗಾಕ್ಕೆ ಹೊರಡುವ ಮುನ್ನ ಸಿಹಿ ಬಾಯಿಗಿಟ್ಟುಕೊಳ್ಳುವುದು, ಬಕ್ರೀದ್ ದಿನ ಪ್ರಾರ್ಥನೆಯ ಬಳಿಕವೇ ಉಣ್ಣುವುದು ಈ ಎರಡು ಹಬ್ಬಗಳ ನಡುವಿನ ವ್ಯತ್ಯಾಸ.

ಸುರಕುಂಬಾದ ಹೆಸರು ಪಾರಸಿಯಿಂದ ಬಂದುದಾದರೂ ಅದರೊಳಗಿನ ಶಾವಿಗೆ ಊರಿನದು. ಹಿಂಗಾರಿನ ಸುಗ್ಗಿ ಮುಗಿದ ಮೇಲೆ, ಬಿಸಿಲು ಬಲಿತ ದಿನಗಳಲ್ಲಿ, ಓಣಿಯ ಹೆಂಗಸರು ಕೂಡಿ ಮಣೆಯ ಮೇಲೆ ಶಾವಿಗೆ ಹೊಸೆದು, ಕೋಲುಗಳ ಮೇಲೆ ಇಳಿಬಿಟ್ಟು ಒಣಗಿಸಿ, ವರ್ಷಕ್ಕಾಗುವಷ್ಟು ಕೂಡಿಡುವ ಪದ್ಧತಿ ಲಿಂಗಾಯತರು, ಮರಾಠರು, ಕುರುಬರು, ಮುಸಲ್ಮಾನರು ಎನ್ನದೆ ಎಲ್ಲರಲ್ಲಿಯೂ ಇತ್ತು. ಈ ಕೂಡಿಡುವಿಕೆಗೂ ರಂಜಾನ್ ಪಂಚಾಂಗಕ್ಕೂ ನಿಕಟ ಸಂಬಂಧವಿದೆ. ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಿರುವುದರಿಂದ ಹಬ್ಬವು ಋತುಗಳ ಮೂಲಕ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. 1991ರಲ್ಲಿ ಏಪ್ರಿಲ್ ತಿಂಗಳಲ್ಲಿ ಬಂದ ಈದ್ ಮತ್ತೆ ಏಪ್ರಿಲ್ ನಡುಭಾಗಕ್ಕೆ ಬಂದದ್ದು 2024ರಲ್ಲಿ. ನಡುವಿನ 2014, 2015ರ ವರ್ಷಗಳಲ್ಲಿ ಅದು ಜುಲೈನ ಮಳೆಯಲ್ಲಿ ಬಂದಿತು. ಮಳೆಗಾಲದಲ್ಲಿ ಶಾವಿಗೆ ಒಣಗದು. ಹಬ್ಬ ಯಾವ ಋತುವಿನಲ್ಲಿ ಬಂದರೂ ಬೇಸಿಗೆಯಲ್ಲಿ ಓಣಿಯವರ ಕೂಡುದುಡಿಮೆಯಿಂದ ಸಿದ್ಧವಾದ ಶಾವಿಗೆಯೇ ಒದಗಬೇಕಾಗಿತ್ತು. ಶಾವಿಗೆ ಯಂತ್ರ ಹಾಗೂ ಅಂಗಡಿಯ ಪೊಟ್ಟಣಗಳು ಬಂದ ಮೇಲೆ ಈ ಅವಲಂಬನೆ ಸಡಿಲವಾಯಿತು.

ಉತ್ತತ್ತಿ: ದೂರದ ಸರಕು, ಎಲ್ಲರ ಮಂಗಲದ್ರವ್ಯ

ಶಾವಿಗೆ ಊರಿನದಾದರೆ ಉತ್ತತ್ತಿ ಕಡಲಾಚೆಯದು. ಪಾರಸಿ ಕೊಲ್ಲಿಯ ಕಡೆಯ ಬಸರಾ, ಮಸ್ಕತ್ ಮುಂತಾದ ರೇವುಗಳಿಂದ ಭಾರತದ ಪಡುವಣ ಕರಾವಳಿಗೆ ಖರ್ಜೂರ ಮತ್ತು ಉತ್ತತ್ತಿಗಳು ಬರುತ್ತಿದ್ದವು. ಅಲ್ಲಿಂದ ಘಟ್ಟ ಹತ್ತಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಪೇಟೆಯನ್ನು ಸೇರಿ, ಎತ್ತಿನ ಗಾಡಿಗಳಲ್ಲಿ ಒಳನಾಡಿನ ಸಂತೆಗಳಿಗೆ ಹೋಗುತ್ತಿದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗ ಬೆಳಗಾವಿ, ಧಾರವಾಡಗಳನ್ನು ಮುಟ್ಟಿದರೂ ಅದು ಈ ನಾಲ್ಕು ಊರುಗಳಲ್ಲಿ ಯಾವುದನ್ನೂ ಹಾಯಲಿಲ್ಲ. ಆದ್ದರಿಂದ ಕೊನೆಯ ಹಾದಿ ರಸ್ತೆಯದಾಗಿಯೇ ಉಳಿಯಿತು.

ಹೀಗೆ ಬಂದ ಉತ್ತತ್ತಿಯು ಮುಸಲ್ಮಾನರ ಹಬ್ಬಕ್ಕಷ್ಟೇ ಸೀಮಿತವಾಗಲಿಲ್ಲವೆಂಬುದು ಇಲ್ಲಿ ಮುಖ್ಯ. ಮುತ್ತೈದೆಯ ಉಡಿ ತುಂಬುವಾಗ ಅರಿಶಿಣ ಬೇರು, ಕೊಬ್ಬರಿ ಬಟ್ಟಲುಗಳೊಡನೆ ಉತ್ತತ್ತಿ ಇರಲೇಬೇಕು. ಜಾತ್ರೆಯಲ್ಲಿ ತೇರು ಸಾಗುವಾಗ ಭಕ್ತರು ಎಸೆಯುವುದು ಉತ್ತತ್ತಿಯನ್ನೇ. ಬಾಣಂತಿಯ ಅಂಟಿನುಂಡೆಯೂ ಗೋಕಾಕ, ಅಮೀನಗಡಗಳ ಹೆಸರುವಾಸಿ ಕರದಂಟೂ ಉತ್ತತ್ತಿ, ಅಂಟು, ಕೊಬ್ಬರಿಗಳನ್ನು ಬಯಸುತ್ತವೆ. ಈದ್ ಮುನ್ನಾದಿನ ಸುರಕುಂಬಾಕ್ಕೆಂದು ಕೊಳ್ಳುವ ಉತ್ತತ್ತಿಯೂ ತೇರಿಗೆಂದು ಕೊಳ್ಳುವ ಉತ್ತತ್ತಿಯೂ ಒಂದೇ ಕಿರಾಣಿ ಅಂಗಡಿಯ ಒಂದೇ ಚೀಲದಿಂದ ಬರುತ್ತವೆ. ಪದಾರ್ಥವು ಧರ್ಮಗಳ ಗಡಿಯನ್ನು ಲೆಕ್ಕಿಸದೆ ಬಳಕೆಯಾದುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರಕುವುದು ಕಷ್ಟ.

ಹಲಾಲ್: ಊರಿನ ಒಂದು ಸೇವೆ

ಗೋದಿ, ಉತ್ತತ್ತಿಗಳ ವಿಷಯದಲ್ಲಿ ಕಾಣುವ ಹಂಚಿಕೆ ಮಾಂಸದ ವಿಷಯದಲ್ಲಿಯೂ ಇತ್ತು. ‘ಹಲಾಲ್’ ಎಂದರೆ ಅನುಮತವಾದುದು. ಪ್ರಾಣಿಯ ವಿಷಯದಲ್ಲಿ ಅದು ದೇವರ ಹೆಸರು ಹೇಳಿ, ಹರಿತವಾದ ಚೂರಿಯಿಂದ ಕತ್ತಿನ ಉಸಿರುನಾಳ, ಅನ್ನನಾಳ ಹಾಗೂ ಎರಡು ರಕ್ತನಾಳಗಳನ್ನು ಕೊಯ್ದು ರಕ್ತ ಹರಿಯಬಿಡುವ ವಿಧಿ. ತಾನಾಗಿ ಸತ್ತ ಪ್ರಾಣಿ, ರಕ್ತ ಹಾಗೂ ಹಂದಿಯ ಮಾಂಸ ನಿಷಿದ್ಧ.

ಈ ವಿಧಿಯನ್ನು ನೆರವೇರಿಸುವ ಹೊಣೆ ಹಳ್ಳಿಗಳಲ್ಲಿ ಮುಲ್ಲಾನದು. ಸಾತಾರೆಯಲ್ಲಿ ಇಂಗ್ಲಿಷ್ ಪ್ರತಿನಿಧಿಯಾಗಿದ್ದ ಜೇಮ್ಸ್ ಗ್ರಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸಗ್ರಂಥದಲ್ಲಿ ದಖ್ಖಣದ ಗ್ರಾಮಸೇವಕರನ್ನು ವಿವರಿಸುತ್ತ ‘ಮುಲಾಣಾ’ನನ್ನೂ ಹೆಸರಿಸಿದ್ದಾನೆ. ಮಸೀದಿಯನ್ನು ನೋಡಿಕೊಳ್ಳುವುದರ ಜೊತೆಗೆ, ಗುಡಿಗಳ ಮುಂದೆ ಹಾಗೂ ಹೊಲಗಳಲ್ಲಿ ಬಲಿ ಕೊಡುವ ಕುರಿ ಆಡುಗಳನ್ನು ಕೊಯ್ಯುವುದೂ ಅವನ ಕರ್ತವ್ಯವಾಗಿತ್ತೆಂದೂ ಅದಕ್ಕೆ ಅವನಿಗೆ ನಿಗದಿಯಾದ ಪಾಲು ಸಲ್ಲುತ್ತಿತ್ತೆಂದೂ ಅಲ್ಲಿಂದ ತಿಳಿದುಬರುತ್ತದೆ. ಅಂದರೆ ಮುಲ್ಲಾ ಒಂದು ಸಮುದಾಯದ ಧರ್ಮಸೇವಕನಷ್ಟೇ ಆಗಿರದೆ ಬಡಿಗ, ಕಮ್ಮಾರ, ಕುಂಬಾರರಂತೆ ಇಡೀ ಊರಿನ ಸೇವಕನೂ ಆಗಿದ್ದನು. ಪೇಶ್ವೆಗಳ ಆಡಳಿತಕ್ಕೆ ಒಳಪಟ್ಟಿದ್ದ ಮಲಪ್ರಭಾ ಸೀಮೆಯೂ ಈ ಬಗೆಯ ಗ್ರಾಮವ್ಯವಸ್ಥೆಯನ್ನೇ ಹಂಚಿಕೊಂಡಿತ್ತು. ಕುರಿ ಸಾಕುವವರು ಕುರುಬರು, ಕೊಯ್ಯುವವನು ಮುಲ್ಲಾ, ಉಣ್ಣುವವರು ಮಾಂಸಾಹಾರದ ಎಲ್ಲ ಜಾತಿಗಳವರು.

ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಈ ಭಾಗದ ಕನ್ನಡದಲ್ಲಿ ಕುರಿ ಕೋಳಿ ಕೊಯ್ಯುವುದಕ್ಕೆ ‘ಹಲಾಲ ಮಾಡು’ ಎಂಬ ಪ್ರಯೋಗ ಮುಸಲ್ಮಾನರ ಮನೆಮಾತಿಗಷ್ಟೇ ಸೀಮಿತವಲ್ಲ. ‘ಹರಾಮಖೋರ’ ಎಂಬ ಬೈಗುಳವಂತೂ ಜಾತಿಮತಗಳ ಹಂಗಿಲ್ಲದೆ ಬಳಕೆಯಲ್ಲಿದೆ. ದುಡಿಯದೆ ಉಣ್ಣುವವನನ್ನು ಅದು ನಿಂದಿಸುತ್ತದೆ. ಆಹಾರದ ನಿಯಮವು ನಡತೆಯ ಅಳತೆಗೋಲಾಗಿ ಊರಿನ ನುಡಿಯಲ್ಲಿ ಬೇರೂರಿದ ರೀತಿಯಿದು.

ಪಲ್ಲಟ

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆ ಕರಗಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯು ವಂಶಪಾರಂಪರ್ಯ ಗ್ರಾಮಹುದ್ದೆಗಳನ್ನು ಕೊನೆಗೊಳಿಸಿತು. ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಆಯವು ನಗದು ವ್ಯವಹಾರಕ್ಕೆ ಎಡೆಮಾಡಿಕೊಟ್ಟಿತು. ಮಾಂಸವು ಪುರಸಭೆಯ ಪರವಾನಗಿ ಪಡೆದ ಅಂಗಡಿಯ ಸರಕಾಯಿತು. ಊರಿನ ಸೇವೆಯಾಗಿದ್ದ ಹಲಾಲ್ ಅಂಗಡಿಯ ಫಲಕದ ಮೇಲಿನ ಪದವಾಯಿತು. ಅಂತರರಾಷ್ಟ್ರೀಯ ವ್ಯಾಪಾರ ಬೆಳೆದಂತೆ ಪ್ರಮಾಣಪತ್ರದ ವಿಷಯವೂ ಆಯಿತು.

ಈ ಪಲ್ಲಟದ ಪರಿಣಾಮ 2022ರಲ್ಲಿ ಗೋಚರಿಸಿತು. ಆ ವರ್ಷ ಯುಗಾದಿ ಏಪ್ರಿಲ್ 2ರಂದು ಬಂದರೆ, ರಂಜಾನ್ ಉಪವಾಸಗಳು ಮರುದಿನವೇ ಆರಂಭವಾದವು. ಹಳೆಯ ಮೈಸೂರು ಭಾಗದ ಹೊಸತೊಡಕಿನ ಸಂದರ್ಭದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂಬ ಅಭಿಯಾನ ರಾಜ್ಯದಲ್ಲಿ ನಡೆಯಿತು. ಯಾರು ಯಾವ ಮಾಂಸವನ್ನು ಕೊಳ್ಳಬೇಕೆಂಬುದು ಅವರವರ ಆಯ್ಕೆ. ಆದರೆ ಹಲಾಲ್ ಎಂಬುದು ಇತ್ತೀಚೆಗೆ ಹೊರಗಿನಿಂದ ಹೇರಿದ ವ್ಯಾಪಾರಪದ್ಧತಿ ಎಂಬ ಗ್ರಹಿಕೆಗೆ ಚರಿತ್ರೆಯ ಆಧಾರ ದೊರೆಯುವುದಿಲ್ಲ. ಪ್ರಮಾಣಪತ್ರ ಹೊಸದು, ಮುಲ್ಲಾನ ಚೂರಿಗೆ ಊರು ಕೊಟ್ಟ ಮನ್ನಣೆ ಹಳೆಯದು.

ಒಟ್ಟಿನಲ್ಲಿ, ಮಲಪ್ರಭಾ ಸೀಮೆಯ ರಂಜಾನ್ ಆಹಾರವು ಬೇರೆಯೇ ಆದ ಒಂದು ಲೋಕದ ಆಹಾರವಲ್ಲ. ಅದರ ಗೋದಿ ನೆರೆಯ ಹೊಲದ್ದು, ಶಾವಿಗೆ ಓಣಿಯ ದುಡಿಮೆಯದು, ಉತ್ತತ್ತಿ ತೇರಿನೊಡನೆ ಹಂಚಿಕೊಂಡದ್ದು, ಮಾಂಸ ಕುರುಬರ ಹಟ್ಟಿಯದು. ಕಿತ್ತೂರಿನ ದಫ್ತರಗಳೂ ರಾಮದುರ್ಗ ಸಂಸ್ಥಾನದ ಕಾಗದಪತ್ರಗಳೂ ಯುದ್ಧ ಹಾಗೂ ಕಂದಾಯಗಳ ದೃಷ್ಟಿಯಿಂದ ಪರಿಶೀಲನೆಗೆ ಒಳಗಾದಂತೆ, ಆಯ ಇನಾಮುಗಳ ದೃಷ್ಟಿಯಿಂದಲೂ ಪರಿಶೀಲಿಸಲ್ಪಡಬೇಕಾಗಿವೆ. ಆಗ ಊರಿನ ಊಟದ ಇತಿಹಾಸವು ಊರಿನ ಬಾಳುವೆಯ ಇತಿಹಾಸವೇ ಆಗಿ ಕಂಡುಬಂದೀತು.