ಸ್ಟೀಫನ್ ಲಾರೆನ್ಸ್ ಕೊಲೆ: ಸಾಕ್ಷಿ ಮುಟ್ಟುವ ಕೈ ಹೇಗಿರಬೇಕು?

ಕೊಲೆಯಾದ ಜಾಗಕ್ಕೆ ಮೊದಲು ಬರುವ ಪೊಲೀಸರು ಬಿದ್ದವನ ಗಾಯ ನೋಡ್ತಾರೋ, ಬಣ್ಣ ಮತ್ತು ಜಾತಿ ನೋಡ್ತಾರೋ? ಕೇಸಿನ ಹಣೆಬರಹ ಅಲ್ಲೇ ತೀರ್ಮಾನ ಆಗಬಹುದು. ಇದಕ್ಕೆ ಲಂಡನ್ನಿನ ಒಂದು ಚರಿತ್ರೆ ಹೇಳ್ತೀನಿ, ಕೇಳ್ರಿ.

1993ರ ಏಪ್ರಿಲ್ 22ರ ರಾತ್ರಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಕಪ್ಪು ವಿದ್ಯಾರ್ಥಿ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ಅವನ ಬಣ್ಣವೇ ಕಾರಣ, ಬೇರೇನೂ ಇಲ್ಲ. ಬಂದ ಪೊಲೀಸರು ಪ್ರಥಮ ಚಿಕಿತ್ಸೆ ಕೊಡಲಿಲ್ಲ. ಜೊತೆಗಿದ್ದ ಕಪ್ಪು ಗೆಳೆಯನನ್ನು ನೊಂದವನೆಂದು ನೋಡದೆ ಅನುಮಾನದಿಂದ ನೋಡಿದರು. ಶಂಕಿತರ ಹೆಸರು ಮರುದಿನವೇ ಠಾಣೆ ಮುಟ್ಟಿದರೂ ಮೊದಲ ಬಂಧನ ಆದದ್ದು ಮೇ 7ಕ್ಕೆ. ಅಷ್ಟರೊಳಗೆ ಕಣ್ಗಾವಲಿನ ಪೊಲೀಸರು ನೋಡುತ್ತಿದ್ದಂತೆಯೇ ಶಂಕಿತರ ಮನೆಯಿಂದ ಚೀಲ ಹೊರಗೆ ಹೋಯಿತು. ಯಾರೂ ತಡೆಯಲಿಲ್ಲ.

ತಾಯಿ ಡೊರೀನ್, ತಂದೆ ನೆವಿಲ್ ಬಿಡಲಿಲ್ಲ. 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂತು. ಲಂಡನ್ ಪೊಲೀಸರಲ್ಲಿ ಜನಾಂಗೀಯ ತಾರತಮ್ಯ ಇಡೀ ಸಂಸ್ಥೆಯೊಳಗೇ ಬೇರೂರಿದೆ ಎಂದು ಅದು ಹೇಳಿತು.

ಈಗ ಇದೇ ಕೇಸಿನ ಇನ್ನೊಂದು ಮುಖ ನೋಡ್ರಿ. ತಡವಾಗಿಯಾದರೂ ಜಪ್ತಿಯಾದ ಬಟ್ಟೆಗಳು ಕಾಗದದ ಚೀಲದಲ್ಲಿ ಉಳಿದಿದ್ದವು. ವರ್ಷಗಳ ನಂತರ ವಿಜ್ಞಾನಿಗಳು ಒಂದು ಜಾಕೆಟ್ಟಿನ ಕಾಲರಿನಲ್ಲಿ ಅರ್ಧ ಮಿಲಿಮೀಟರಿನಷ್ಟು ರಕ್ತದ ಕಲೆ ಕಂಡರು. ಅದು ಸ್ಟೀಫನ್‌ನದು. ಚೀಲದೊಳಗೇ ಕಲೆ ತಗುಲಿದೆ ಅಂತ ಆರೋಪಿಯ ವಕೀಲರು ವಾದಿಸಿದರು. ಯಾವ ಚೀಲವನ್ನು ಯಾರು, ಯಾವಾಗ ತೆರೆದರು ಎಂಬ ಲೆಕ್ಕವನ್ನೆಲ್ಲ ಕೋರ್ಟು ಕೇಳಿತು. 2012ರ ಜನವರಿ 3ರಂದು, 18 ವರ್ಷ ಕಳೆದ ಮೇಲೆ, ಇಬ್ಬರು ಅಪರಾಧಿಗಳೆಂದು ತೀರ್ಪಾಯಿತು.

ಅಂದರೆ ರಕ್ತದ ಕಲೆ ಸುಳ್ಳು ಹೇಳೋದಿಲ್ಲ. ಆದರೆ ಅದನ್ನು ಹುಡುಕುವ, ಮುಟ್ಟುವ, ಬರೆದಿಡುವ ಮನುಷ್ಯ ನೆಟ್ಟಗಿರಬೇಕು. ನಿಯಮದ ಪುಸ್ತಕ ಅಲ್ಲಿಯೂ ಇತ್ತು. ಇಲ್ಲದ್ದು ಪ್ರತಿಯೊಬ್ಬ ತನ್ನೊಳಗೆ ಇಟ್ಟುಕೊಳ್ಳಬೇಕಾದ ನೀತಿ: ಮೊದಲು ಜೀವ ಉಳಿಸು. ಸತ್ತವನ ಜಾತಿ ಕೇಳಿ ಚುರುಕಾಗಬೇಡ, ಸಡಿಲಾಗಬೇಡ. ಕಂಡದ್ದನ್ನಷ್ಟೇ ಬರೆ, ಕಾಣದ್ದನ್ನು ಸೇರಿಸಬೇಡ. ಮೇಲಿನವರು ಹೇಳಿದರೂ ಸಾಕ್ಷಿ ಬದಲಿಸಬೇಡ.

ನಮ್ಮ ದೇಶದಲ್ಲಿ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 7ನೇ ನಿಯಮ ಇದೇ ಮಾತು ಹೇಳ್ತದ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇರಬಾರದು. ಅವರ ಅನುಭವದ ಜೊತೆಗೆ ನ್ಯಾಯಪ್ರಜ್ಞೆಯನ್ನೂ ನೋಡಿ ನೇಮಿಸಬೇಕು. ಆದರೆ ನ್ಯಾಯಪ್ರಜ್ಞೆ ಆದೇಶದಿಂದ ಹುಟ್ಟೋದಿಲ್ಲ. ಸಾಂವಿಧಾನಿಕ ನೈತಿಕತೆ ತಾನಾಗಿ ಬರೋದಲ್ಲ, ಬೆಳೆಸಿಕೊಳ್ಳಬೇಕಾದ್ದು ಅಂತ ಬಾಬಾಸಾಹೇಬರು 1948ರಲ್ಲೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಪೊಲೀಸ್ ಭರ್ತಿಗೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಖಾಕಿ ತೊಡುವ ಮುಂಚೆ ಈ ನೀತಿ ತೊಡ್ರಿ. ಓಣಿಯ ಹಿರಿಯರೇ, ಅಂಥ ಜಾಗವನ್ನು ತುಳಿಯಬ್ಯಾಡ್ರಿ, ನೊಂದವರ ಬಟ್ಟೆ ತೊಳೆಯಬ್ಯಾಡ್ರಿ. ಪಂಚನಾಮೆಯನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡ್ರಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಬ್ಯಾಡ.