ಪ್ರನಾಳದಲ್ಲಿ ಸಿಕ್ಕ ಸುಳಿವು

ರಕ್ತ, ಮೂತ್ರಗಳಲ್ಲಿ ಕ್ಯಾನ್ಸರಿನ ಗುರುತು ಹುಡುಕುವುದು ತೀರಾ ಈಚಿನ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಇದರ ಚರಿತ್ರೆ ಆರಂಭವಾಗುವುದು 1845ರ ನವೆಂಬರ್ 1ರಂದು, ಲಂಡನ್ನಿನಲ್ಲಿ.

ಅಂದು ವೈದ್ಯ ಹಾಗೂ ರಸಾಯನತಜ್ಞ ಹೆನ್ರಿ ಬೆನ್ಸ್ ಜೋನ್ಸ್ ಅವರಿಗೆ ಒಂದು ಪ್ರನಾಳ, ಜೊತೆಗೊಂದು ಚೀಟಿ ಬಂತು. ಕಳುಹಿಸಿದವರು ಡಾ. ಥಾಮಸ್ ವಾಟ್ಸನ್. ಪ್ರನಾಳದಲ್ಲಿದ್ದುದು ದಿನಸಿ ವ್ಯಾಪಾರಿಯೊಬ್ಬನ ಮೂತ್ರ. ಮೂಳೆಗಳ ವಿಪರೀತ ನೋವಿನಿಂದ ಆತ ಹಾಸಿಗೆ ಹಿಡಿದಿದ್ದ. ನೈಟ್ರಿಕ್ ಆಮ್ಲ ಬೆರೆಸಿದರೆ ತಿಳಿಯಾಗುತ್ತಿದ್ದ ಆ ಮೂತ್ರ ತಣ್ಣಗಾದಂತೆ ಗಟ್ಟಿಯಾಗುತ್ತಿತ್ತು; ಕಾಯಿಸಿದರೆ ಮತ್ತೆ ಕರಗುತ್ತಿತ್ತು. ಬೆಂದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗುವುದುಂಟೆ? ಹಾಗಾದರೆ ಇದು ಯಾವ ವಸ್ತು? ವಾಟ್ಸನ್ ಅವರಿಗೆ ಬೇಕಿದ್ದುದು ಈ ಪ್ರಶ್ನೆಗೆ ಉತ್ತರ.

ರೋಗಿ 1846ರ ಜನವರಿ 1ರಂದು ತೀರಿಕೊಂಡ. ಶವಪರೀಕ್ಷೆ ಮಾಡಿದಾಗ ಪಕ್ಕೆಲುಬುಗಳು ಚಾಕುವಿನಿಂದ ಸಲೀಸಾಗಿ ಕತ್ತರಿಸುವಷ್ಟು ಮೆತ್ತಗಾಗಿದ್ದವು. ಅದು ಇಂದು ಮಲ್ಟಿಪಲ್ ಮೈಲೋಮ ಎನ್ನಲಾಗುವ ಮೂಳೆಮಜ್ಜೆಯ ಕ್ಯಾನ್ಸರು. ಇಂಥ ರೋಗಿಗಳ ಮೂತ್ರದಲ್ಲಿ ಈ ಪ್ರೋಟೀನನ್ನು ಹುಡುಕಬೇಕೆಂದು ಜೋನ್ಸ್ ಸೂಚಿಸಿದರು. ಮುಂದೆ ಅದಕ್ಕೆ ಅವರ ಹೆಸರೇ ನಿಂತಿತು. ಅದರ ಗುಟ್ಟು ಬಯಲಾದದ್ದು ಮಾತ್ರ 1962ರಲ್ಲಿ. ಅದು ರೋಗದೊಡನೆ ಹೋರಾಡುವ ಪ್ರತಿಕಾಯದ ಒಂದು ತುಂಡು ಎಂದು ಜೆರಾಲ್ಡ್ ಎಡೆಲ್‌ಮನ್ ಮತ್ತು ಜೋಸೆಫ್ ಗ್ಯಾಲಿ ತೋರಿಸಿಕೊಟ್ಟರು. ಕ್ಯಾನ್ಸರ್ ಕೋಶಗಳು ಇದನ್ನು ಮಿತಿಮೀರಿ ತಯಾರಿಸುವುದರಿಂದ ಅದು ಮೂತ್ರದಲ್ಲಿ ಹೊರಬೀಳುತ್ತದೆ.

1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ದೊಡ್ಡ ಕರುಳಿನ ಗಡ್ಡೆಗಳಲ್ಲಿ ಸಿಇಎ ಎಂಬ ವಸ್ತುವನ್ನು ಗುರುತಿಸಿದರು. ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದಲೇ ಹಿಡಿಯಬಹುದೆಂಬ ಆಸೆ ಚಿಗುರಿತು. ಆದರೆ ಸಿಇಎ ಸಿಗರೇಟು ಸೇದುವವರಲ್ಲೂ ಹೆಚ್ಚಿರುತ್ತದೆ. ಆದ್ದರಿಂದ ಚಿಕಿತ್ಸೆಯ ನಂತರ ರೋಗ ಮರುಕಳಿಸಿತೇ ಎಂದು ತಿಳಿಯಲು ಅದು ಹೆಚ್ಚು ನೆರವಾಯಿತು.

ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆಯದೂ ಹೆಚ್ಚುಕಡಿಮೆ ಇದೇ ಕಥೆ. ಕ್ಯಾನ್ಸರ್ ಪತ್ತೆಗೆ ನೆರವಾಗಲೆಂದು ಅಮೆರಿಕ 1994ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ವಯಸ್ಸಿನಿಂದ ಗ್ರಂಥಿ ಊದಿಕೊಂಡರೂ ಪಿಎಸ್‌ಎ ಏರುತ್ತದೆ. ಜೀವಕ್ಕೆ ಅಪಾಯವಿಲ್ಲದ ಗಡ್ಡೆಗಳಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂತ್ರದ ಹಿಡಿತ ಕಳೆದುಕೊಂಡವರಿದ್ದಾರೆ. ಈ ಪರೀಕ್ಷೆಯನ್ನು ಎಲ್ಲರಿಗೂ ಮಾಡುವುದು ಬೇಡವೆಂದು ಅಲ್ಲಿನ ತಜ್ಞರ ಸಮಿತಿ 2012ರಲ್ಲಿ ಹೇಳಿತು. 55ರಿಂದ 69 ವರ್ಷದವರು ವೈದ್ಯರೊಡನೆ ಚರ್ಚಿಸಿ ತೀರ್ಮಾನಿಸಲಿ ಎಂದು 2018ರಲ್ಲಿ ಸಲಹೆ ಬದಲಿಸಿತು.

ವರದಿಯಲ್ಲಿ ಒಂದು ಅಂಕಿ ಏರಿದ್ದನ್ನು ಕಂಡು ಕಂಗಾಲಾಗುವವರು, ಸರಿಯಿದ್ದರೆ ನೋವನ್ನೇ ಕಡೆಗಣಿಸುವವರು, ಇಬ್ಬರೂ ಆ ದಿನಸಿ ವ್ಯಾಪಾರಿಯ ಕಥೆಯನ್ನು ನೆನೆಯಬೇಕು. ಪ್ರನಾಳ ಅಲ್ಲಿ ಸುಳಿವು ನೀಡಿತು, ಅಷ್ಟೆ. ಅದರ ಅರ್ಥ ತಿಳಿದದ್ದು ರೋಗಿಯ ಮೂಳೆಗಳನ್ನೂ ನೋಡಿದ ಮೇಲೆ.